ಗಾಡಿ ಬರಲಿಲ್ಲ, ಅಚ್ಚು ಬಂತು

ತೆಲುಗು ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ‘ಡಿಸಿಎಂ ಬೋಲ್ತಾ’ ಎಂಬ ತಲೆಬರಹ ಆಗಾಗ ಕಾಣುತ್ತದೆ. ಬೋಲ್ತಾ ಎಂದರೆ ಪಲ್ಟಿ. ಕನ್ನಡ ಪತ್ರಿಕೆ ಓದಿ ಬೆಳೆದವರಿಗೆ ಡಿಸಿಎಂ ಎಂದರೆ ಉಪಮುಖ್ಯಮಂತ್ರಿ. ಹಾಗಾಗಿ ಮೊದಲ ಸಲ ಓದುವವರಿಗೆ ಗಾಬರಿಯಾಗಬಹುದು, ಇಲ್ಲವೇ ನಗು ಬರಬಹುದು. ಹೈದರಾಬಾದಿನಲ್ಲಿ ಡಿಸಿಎಂ ಎಂದರೆ ದೊಡ್ಡ ಲಾರಿಗಿಂತ ಚಿಕ್ಕದಾದ, ಗೂಡ್ಸ್ ಆಟೋಗಿಂತ ದೊಡ್ಡದಾದ, ಸಾಮಾನು ಸಾಗಿಸುವ ಗಾಡಿ. ಅದೇ ಗಾತ್ರದ ಗಾಡಿಗೆ ಕರ್ನಾಟಕದಲ್ಲಿ ಕ್ಯಾಂಟರ್ ಎನ್ನುತ್ತೇವೆ. ‘ಕ್ಯಾಂಟರ್ ಡಿಕ್ಕಿ: ಬೈಕ್ ಸವಾರ ಸಾವು’ ಎಂಬುದು ನಮ್ಮ ಪತ್ರಿಕೆಗಳಿಗೂ ಅಷ್ಟೇ ಹಳೆಯ ವಾಕ್ಯ.

ಬೇಗಂಪೇಟೆಯಲ್ಲಿ ಕೂತು ಎರಡೂ ಭಾಷೆಗಳ ನಡುವೆ ಅನುವಾದದ ಕೆಲಸ ಮಾಡುವ ನನಗೆ ಡಿಸಿಎಂ ಎಂದು ಬಂದಲ್ಲಿ ಕ್ಯಾಂಟರ್ ಎಂದು ಬರೆಯುವುದು ಅಭ್ಯಾಸವಾಗಿದೆ. ಆದರೆ ಈ ಎರಡು ಪದಗಳನ್ನು ಒಮ್ಮೆ ಬಿಡಿಸಿ ನೋಡಿ. ಡಿಸಿಎಂ ಎಂದರೆ ದೆಹಲಿ ಕ್ಲಾತ್ ಮಿಲ್ಸ್, ಅಂದರೆ ಬಟ್ಟೆ ಗಿರಣಿಯ ಹೆಸರು. ಆ ಕಂಪನಿ ಜಪಾನಿನ ಟೊಯೋಟಾ ಜೊತೆ ಸೇರಿ 1980ರ ದಶಕದಲ್ಲಿ ಡಿಸಿಎಂ ಟೊಯೋಟಾ ಎಂಬ ಸಣ್ಣ ಲಾರಿ ಮಾಡಿತು. ಕ್ಯಾಂಟರ್ ಎಂಬುದು ಜಪಾನಿನ ಮಿತ್ಸುಬಿಷಿ ತನ್ನ ಸಣ್ಣ ಲಾರಿಗೆ ಇಟ್ಟ ಹೆಸರು. ಅದನ್ನು ಐಷರ್ ಕಂಪನಿ ಇಲ್ಲಿ ತಯಾರಿಸಿತು. ಡಿಸಿಎಂ ಟೊಯೋಟಾ ಎಂಬ ಕಂಪನಿ ಕಣ್ಮರೆಯಾಗಿ ಸುಮಾರು ಮೂವತ್ತು ವರ್ಷವಾಯಿತು. ಪದ ಮಾತ್ರ ಇನ್ನೂ ರಸ್ತೆಯಲ್ಲಿದೆ.

ಇನ್ನೂ ಹಿಂದೆ ಹೋದರೆ ಟೆಂಪೋ ಮತ್ತು ಮೆಟಾಡೋರ್ ಸಿಗುತ್ತವೆ. ಎರಡೂ ಜರ್ಮನಿಯ ಹ್ಯಾಂಬರ್ಗಿನ ಒಂದೇ ಕಂಪನಿಯ ಹೆಸರುಗಳು. ಪುಣೆಯ ಬಜಾಜ್ ಟೆಂಪೋ ಮೂಲಕ ನಮ್ಮ ಊರುಗಳಿಗೆ ಬಂದವು. ಹೀಗೆ ನಮ್ಮ ಸಣ್ಣ ಲಾರಿಗಳ ಹೆಸರುಗಳಲ್ಲಿ ಬಹುಪಾಲು ಪರದೇಶದವು. ಹಾಗಿದ್ದರೆ ಗಾಡಿಗಳು?

ಇಲ್ಲೊಂದು ವಿಚಿತ್ರವಿದೆ. ಜಪಾನಿನಲ್ಲಿ ವಾಹನಗಳು ನಮ್ಮಂತೆಯೇ ರಸ್ತೆಯ ಎಡಕ್ಕೆ ಚಲಿಸುತ್ತವೆ, ಸ್ಟಿಯರಿಂಗ್ ಬಲಕ್ಕಿರುತ್ತದೆ. ಅಲ್ಲಿ ಬಳಸಿ ಬಿಟ್ಟ ಸಣ್ಣ ಲಾರಿಗಳು ಹಡಗು ಹತ್ತಿ ಶ್ರೀಲಂಕಾ, ಪಾಕಿಸ್ತಾನ, ಬಾಂಗ್ಲಾದೇಶ, ಕೆನ್ಯಾ, ತಾಂಜಾನಿಯಾಗಳಿಗೆ ಹೋಗುತ್ತವೆ. ನಮ್ಮ ಸುತ್ತಮುತ್ತಲ ಬಂದರುಗಳಲ್ಲೆಲ್ಲ ಇಳಿದ ಆ ಗಾಡಿಗಳು ಮುಂಬೈಯಲ್ಲಿ, ಮಂಗಳೂರಿನಲ್ಲಿ, ಚೆನ್ನೈಯಲ್ಲಿ ಇಳಿಯಲಿಲ್ಲ. ಯಾಕೆ? ಅದಕ್ಕೆ ಉತ್ತರ ಹುಡುಕಲು ನಿಜಾಮರ ಕಾಲದಿಂದ ಹೊರಡಬೇಕಾಗುತ್ತದೆ. ಆ ದಾರಿಯ ಒಳ್ಳೆಯ ಭಾಗ ಕನ್ನಡ ನೆಲದ ಮೇಲೆಯೇ ಇದೆ.

ವಾಡಿಯ ಮೂಲಕ

ಹೈದರಾಬಾದ್ ಸಂಸ್ಥಾನಕ್ಕೆ ಸಮುದ್ರವಿರಲಿಲ್ಲ. ಪರದೇಶದ ಯಾವುದೇ ಯಂತ್ರ ಬರಬೇಕಾದರೂ ಬ್ರಿಟಿಷರ ಬಂದರಿನಲ್ಲಿ ಇಳಿಯಬೇಕು, ಅಲ್ಲಿಂದ ರೈಲಿನಲ್ಲಿ ಸಂಸ್ಥಾನದೊಳಕ್ಕೆ ಬರಬೇಕು. ಮುಂಬೈಯಿಂದ ಬರುವ ರೈಲು ಮಾರ್ಗಕ್ಕೆ ಈಗಿನ ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್ ಕವಲು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಮಾರ್ಗ ತೆರೆಯಿತು. ಬೇಗಂಪೇಟೆ ನಿಲ್ದಾಣ ಇರುವುದು ಅದೇ ಮಾರ್ಗದಲ್ಲಿ. ಸಂಸ್ಥಾನಕ್ಕೆ ತನ್ನದೇ ಸುಂಕದ ಇಲಾಖೆಯೂ ಇತ್ತು. ಅದರ ಹೆಸರು ಕರೋಡಗಿರಿ. ಮುಂಬೈಯಲ್ಲಿ ಬ್ರಿಟಿಷರ ಸುಂಕ ಕಟ್ಟಿದ ಮಾಲಿಗೆ ಸಂಸ್ಥಾನದ ಗಡಿಯಲ್ಲಿ ಮತ್ತೊಂದು ಸುಂಕ.

1930ರಲ್ಲಿ ನಿಜಾಮ್ ಸರ್ಕಾರ ರೈಲನ್ನು ಖಾಸಗಿ ಕಂಪನಿಯ ಕೈಯಿಂದ ತನ್ನ ವಶಕ್ಕೆ ತೆಗೆದುಕೊಂಡಿತು. ಆ ಹೊತ್ತಿಗೆ ರೈಲಿಗೆ ಹೊಸ ತಲೆನೋವು ಶುರುವಾಗಿತ್ತು. ಖಾಸಗಿಯವರ ಬಸ್ಸು, ಲಾರಿಗಳು ಅದರ ಪ್ರಯಾಣಿಕರನ್ನೂ ಸರಕನ್ನೂ ಕಿತ್ತುಕೊಳ್ಳುತ್ತಿದ್ದವು. ಈ ಪೈಪೋಟಿ ಇಡೀ ಭಾರತದಲ್ಲಿ ಇತ್ತು. ಬ್ರಿಟಿಷ್ ಪ್ರಾಂತ್ಯಗಳು ಪರ್ಮಿಟ್ಟಿನ ಕಾನೂನಿನಿಂದ ಖಾಸಗಿ ಗಾಡಿಗಳಿಗೆ ಕಡಿವಾಣ ಹಾಕಲು ನೋಡಿದರೆ, ಹೈದರಾಬಾದಿನಲ್ಲಿ ರೈಲು ಇಲಾಖೆಯೇ ರಸ್ತೆಗಿಳಿಯಿತು. 1932ರ ಜೂನಿನಲ್ಲಿ 27 ಬಸ್ಸು, 166 ಜನ ಸಿಬ್ಬಂದಿಯೊಂದಿಗೆ ನಿಜಾಂ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ ಶುರುವಾಯಿತು. ಆ ಕಾಲದ ಬಸ್ಸುಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ತಯಾರಾದ ಆಲ್ಬಿಯನ್ ಕಂಪನಿಯವು. ಅವುಗಳಲ್ಲೊಂದನ್ನು ‘ಡೆಕ್ಕನ್ ಕ್ವೀನ್’ ಎಂಬ ಹೆಸರಿನಲ್ಲಿ ಹೈದರಾಬಾದಿನ ಸಾರಿಗೆ ಸಂಸ್ಥೆ ಇಂದಿಗೂ ಕಾಪಾಡಿಕೊಂಡು ಬಂದಿದೆ.

ಈ ಸೇವೆ ಮುಂದೆ ಸಂಸ್ಥಾನದ ಕನ್ನಡ ಜಿಲ್ಲೆಗಳಿಗೂ ಹಬ್ಬಿತು. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಬಸ್ಸುಗಳೂ ಪಾಲಾದವು: ಮರಾಠವಾಡದ ಪಾಲು ಮುಂಬೈ ರಾಜ್ಯಕ್ಕೆ, ಕಲಬುರಗಿ, ರಾಯಚೂರು, ಬೀದರ್‌ಗಳ ಪಾಲು ಮೈಸೂರು ರಾಜ್ಯಕ್ಕೆ. ಕಲ್ಯಾಣ ಕರ್ನಾಟಕದ ಸರ್ಕಾರಿ ಬಸ್ಸಿನ ವಂಶಾವಳಿ ಹುಡುಕುತ್ತ ಹೋದರೆ ಬೆಂಗಳೂರಿಗಲ್ಲ, ಸಿಕಂದರಾಬಾದಿಗೆ ತಲುಪುತ್ತೇವೆ.

ಇಲ್ಲಿ ಒಂದು ತಾಂತ್ರಿಕ ಸಂಗತಿ ಗಮನಿಸಬೇಕು. ಆ ಕಾಲದ ಬಸ್ಸಾಗಲಿ ಲಾರಿಯಾಗಲಿ ಹಡಗಿನಲ್ಲಿ ಇಡಿಯಾಗಿ ಬರಬೇಕಾಗಿರಲಿಲ್ಲ. ಎಂಜಿನ್, ಚಕ್ರ, ಅಚ್ಚುಗಳನ್ನು ಹೊತ್ತ ಚಾಸಿ ಮಾತ್ರ ಬಂದರೆ ಸಾಕು. ಅದರ ಮೇಲಿನ ಬಾಡಿಯನ್ನು ಇಲ್ಲಿನ ಬಡಗಿ, ಕಮ್ಮಾರರೇ ಕಟ್ಟುತ್ತಿದ್ದರು. ಈ ಬಾಡಿ ಕಟ್ಟುವ ಕೆಲಸದಿಂದಲೇ ಹೈದರಾಬಾದಿನ ದೊಡ್ಡ ಕಾರ್ಖಾನೆಯೊಂದು ಬೆಳೆಯಿತು. ನಿಜಾಮ್ ಸರ್ಕಾರದ ಕೈಗಾರಿಕಾ ನಿಧಿಯ ನೆರವಿನಿಂದ 1942ರಲ್ಲಿ ಹುಟ್ಟಿದ ಹೈದರಾಬಾದ್ ಆಲ್ವಿನ್ ಮೆಟಲ್ ವರ್ಕ್ಸ್ ಅದು. ಅಲ್ಲಾದೀನ್ ಕಂಪನಿಯ ಹೆಸರಿನಿಂದ ಆಲ್ವಿನ್ ಬಂತು. ಬೇಗಂಪೇಟೆಯಿಂದ ವಾಡಿ ಕಡೆಗೆ ಹೋಗುವ ರೈಲು ಕೆಲವೇ ನಿಮಿಷದಲ್ಲಿ ದಾಟುವ ಸನತ್‌ನಗರದಲ್ಲಿ ಅದರ ಕಾರ್ಖಾನೆ. ಬಸ್ ಬಾಡಿ, ಉಕ್ಕಿನ ಪೀಠೋಪಕರಣ, ಮುಂದೆ ಫ್ರಿಜ್ಜು, ಆಮೇಲೆ ಕೈಗಡಿಯಾರ — ಒಂದು ತಲೆಮಾರಿನ ಮನೆಗಳಲ್ಲಿ ಆಲ್ವಿನ್ ಎಂಬ ಹೆಸರು ಮನೆಮಾತಾಗಿತ್ತು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಡಿಸ್ಪೋಸಲ್ ಗಾಡಿಗಳು

ಎರಡನೆಯ ಮಹಾಯುದ್ಧ ಬಂದಾಗ ಹೊಸ ಗಾಡಿಗಳ ಆಮದು ನಿಂತಿತು. ಪೆಟ್ರೋಲಿಗೆ ರೇಷನ್ ಬಂತು. ಬಸ್ಸುಗಳ ಬೆನ್ನಿಗೆ ಇದ್ದಿಲು ಸುಟ್ಟು ಗ್ಯಾಸ್ ಮಾಡುವ ಒಲೆ ಕಟ್ಟಿದರು. ಇದ್ದಿಲು ಬಸ್ಸು ದಿಬ್ಬ ಹತ್ತದೆ ಪ್ರಯಾಣಿಕರೇ ಇಳಿದು ತಳ್ಳಿದ ಕಥೆ ನಮ್ಮ ಅಜ್ಜ ಅಜ್ಜಿಯರ ಕಾಲದವರ ಬಾಯಲ್ಲಿ ಎಲ್ಲ ಊರುಗಳಲ್ಲೂ ಕೇಳಸಿಗುತ್ತಿತ್ತು.

ಯುದ್ಧ ಮುಗಿದಾಗ ಚಿತ್ರ ತಿರುಗಿತು. ಬರ್ಮಾ ಮತ್ತು ಚೀನಾ ರಂಗಗಳಿಗಾಗಿ ಬ್ರಿಟಿಷ್, ಅಮೆರಿಕನ್ ಸೇನೆಗಳು ತಂದಿದ್ದ ಲಾರಿ, ಜೀಪುಗಳ ರಾಶಿ ಭಾರತದಲ್ಲೇ ಉಳಿಯಿತು. ವಾಪಸ್ ಸಾಗಿಸುವ ಖರ್ಚು ಗಾಡಿಯ ಬೆಲೆಗಿಂತ ಹೆಚ್ಚು. ಸರ್ಕಾರದ ವಿಲೇವಾರಿ ಇಲಾಖೆ ಇವನ್ನು ಹರಾಜಿಗಿಟ್ಟಿತು. ಹೀಗೆ ಬಂದ ಗಾಡಿಗಳಿಗೆ ಜನ ಇಟ್ಟ ಹೆಸರು ‘ಮಿಲಿಟರಿ ಡಿಸ್ಪೋಸಲ್’. ಶೆವ್ರೊಲೆ, ಫೋರ್ಡ್, ಡಾಡ್ಜ್ ಲಾರಿಗಳು ಹಸಿರು ಬಣ್ಣ ಕಳಚಿ, ಮರದ ಬಾಡಿ ತೊಟ್ಟು ಮಾರುಕಟ್ಟೆಗಳಿಗೂ ಕಾಡಿನ ನಾಟಾ ಡಿಪೋಗಳಿಗೂ ಹೊರಟವು. ಚಾಲಕನಾಗಿದ್ದವನು ಮಾಲೀಕನಾಗಲು ಸಾಧ್ಯವಾದ ಕಾಲ ಅದು.

ಬೇಗಂಪೇಟೆಯ ಆಕಾಶದಲ್ಲೂ ಇದೇ ಕಥೆ. ನಿಜಾಮ್ ಸರ್ಕಾರ ಮತ್ತು ಟಾಟಾ ಕೂಡಿ 1945ರಲ್ಲಿ ಕಟ್ಟಿದ ಡೆಕ್ಕನ್ ಏರ್‌ವೇಸ್ ಬೇಗಂಪೇಟೆ ವಿಮಾನ ನಿಲ್ದಾಣದಿಂದ ಹಾರಿಸಿದ್ದು ಡಕೋಟಾ ವಿಮಾನಗಳನ್ನು. ಯುದ್ಧದಲ್ಲಿ ಸೈನಿಕರನ್ನೂ ಮದ್ದುಗುಂಡನ್ನೂ ಹೊತ್ತ ವಿಮಾನಗಳಿಗೆ ಸೀಟು ಹಾಕಿ ನಾಗರಿಕರನ್ನು ಕೂರಿಸಿದರು. 1953ರಲ್ಲಿ ವಿಮಾನಯಾನ ರಾಷ್ಟ್ರೀಕರಣವಾದಾಗ ಆ ಕಂಪನಿ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಕರಗಿತು.

ಬಳಸಿದ ಪರದೇಶಿ ಲಾರಿಗಳು ಭಾರತದ ಸಾಮಾನ್ಯ ಜನರ ಕೈಗೆ ದೊಡ್ಡ ಪ್ರಮಾಣದಲ್ಲಿ ಬಂದ ಕಾಲ ಇದೊಂದೇ. ಅದೂ ವ್ಯಾಪಾರದ ದಾರಿಯಲ್ಲಿ ಬಂದದ್ದಲ್ಲ, ಯುದ್ಧ ಬಿಟ್ಟುಹೋದ ಸರಕು.

ಬಾಗಿಲು ಹಾಕಿದರು

ಅಮೆರಿಕದ ಜನರಲ್ ಮೋಟಾರ್ಸ್ 1928ರಿಂದಲೇ ಮುಂಬೈಯಲ್ಲಿ ಗಾಡಿಗಳನ್ನು ಜೋಡಿಸುತ್ತಿತ್ತು. ಫೋರ್ಡ್ ಕೂಡ ಕೆಲವೇ ವರ್ಷಗಳಲ್ಲಿ ಹಿಂಬಾಲಿಸಿತ್ತು. ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಬರುವುದು, ಇಲ್ಲಿ ಬೋಲ್ಟು ಬಿಗಿಯುವುದು. ಸ್ವತಂತ್ರ ಭಾರತದ ಸರ್ಕಾರಕ್ಕೆ ಇದು ಸಾಲಲಿಲ್ಲ. ವಿದೇಶಿ ವಿನಿಮಯ ಕಡಿಮೆ. ಇದ್ದುದರಲ್ಲಿ ಧಾನ್ಯ ತರಬೇಕು, ಅಣೆಕಟ್ಟಿನ ಯಂತ್ರ ತರಬೇಕು. ಗಾಡಿ ಬೇಕೆಂದರೆ ಇಲ್ಲೇ ತಯಾರಿಸಿ ಎಂಬುದು ನೀತಿಯಾಯಿತು. 1953ರಲ್ಲಿ ಸುಂಕ ಆಯೋಗದ ಶಿಫಾರಸಿನಂತೆ, ಹಂತಹಂತವಾಗಿ ಇಲ್ಲೇ ತಯಾರಿಸುವ ಯೋಜನೆ ಇರುವ ಕಂಪನಿಗಳಿಗೆ ಮಾತ್ರ ಅನುಮತಿ ಎಂದಾಯಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು.

ಉಳಿದವರು ಪರದೇಶದ ಕಂಪನಿಗಳಿಂದ ಗಾಡಿಯ ನಕ್ಷೆಯನ್ನೂ ತಯಾರಿಸುವ ಪರವಾನಗಿಯನ್ನೂ ತಂದರು. 1954ರಲ್ಲಿ ಜಮ್‌ಶೆಡ್‌ಪುರದಲ್ಲಿ ಟಾಟಾ–ಮರ್ಸಿಡಿಸ್ ಲಾರಿ, ಮದರಾಸಿನಲ್ಲಿ ಲೇಲ್ಯಾಂಡ್, ಮುಂಬೈಯಲ್ಲಿ ಪ್ರೀಮಿಯರ್‌ನವರ ಡಾಡ್ಜ್ ಮತ್ತು ಫಾರ್ಗೊ. 1958ರಲ್ಲಿ ಪುಣೆಯ ಬಜಾಜ್ ಟೆಂಪೋ ಮೂರು ಚಕ್ರದ ಟೆಂಪೋಗೆ ಕೈಹಾಕಿತು. ಜರ್ಮನಿಯಲ್ಲಿ ಆ ಮಾದರಿಯ ಕಾಲ ಮುಗಿಯುತ್ತಿದ್ದ ಹೊತ್ತಿಗೆ ಇಲ್ಲಿ ಅದರ ಕಾಲ ಶುರುವಾಯಿತು. ಮುಂದೆ ಹಲವು ದಶಕ ಅದು ಭಾರತದ ರಸ್ತೆಗಳಲ್ಲಿ ಹೊಗೆ ಬಿಟ್ಟುಕೊಂಡು ಓಡಿತು.

ಕನ್ನಡದಲ್ಲಿ ಅಚ್ಚು ಎಂಬ ಪದಕ್ಕೆ ಎರಡು ಅರ್ಥ. ಗಾಲಿಗಳನ್ನು ಹಿಡಿದಿಡುವ ದಂಡವೂ ಅಚ್ಚು, ಬೆಲ್ಲಕ್ಕೋ ಬೊಂಬೆಗೋ ಆಕಾರ ಕೊಡುವ ಸಾಧನವೂ ಅಚ್ಚು. ನಮ್ಮ ದೇಶ ಹಳೆಯ ಗಾಡಿ ತರಲು ಒಪ್ಪಲಿಲ್ಲ, ಆದರೆ ಹಳೆಯ ಅಚ್ಚು ತರಲು ಒಪ್ಪಿತು. ಬೇರೆಡೆ ಬಳಸಿ ಬಿಟ್ಟ ಗಾಡಿಯ ಬದಲು ಬೇರೆಡೆ ಬಳಸಿ ಬಿಟ್ಟ ಮಾದರಿ ಬಂತು. ಹೊರಗೆ ಹೊಸ ಬಣ್ಣ, ಒಳಗೆ ಹಳೆಯ ನಕ್ಷೆ. ಕೊಳ್ಳುವವನು ಕೊಟ್ಟದ್ದು ಹೊಸ ಗಾಡಿಯ ದುಡ್ಡು.

ಇದರಿಂದ ಲಾಭವೇ ಇರಲಿಲ್ಲ ಎನ್ನಲಾಗದು. ಬಿಡಿಭಾಗ ಮಾಡುವ ಸಾವಿರಾರು ಸಣ್ಣ ಕಾರ್ಖಾನೆಗಳು ಹುಟ್ಟಿದವು. ಸಿಕಂದರಾಬಾದಿನ ರಾಣಿಗಂಜ್, ಬೆಂಗಳೂರಿನ ಜೆ.ಸಿ. ರಸ್ತೆಗಳಂಥ ಸ್ಪೇರ್ ಪಾರ್ಟ್ಸ್ ಬೀದಿಗಳು ಬೆಳೆದದ್ದಕ್ಕೂ ಇದೇ ಒಂದು ಕಾರಣ. ಮಾದರಿ ಬದಲಾಗದಿದ್ದರೆ ಬಿಡಿಭಾಗವೂ ಬದಲಾಗದು. ಹಳ್ಳಿಯ ಮೆಕ್ಯಾನಿಕ್ ಕಣ್ಣುಮುಚ್ಚಿ ರಿಪೇರಿ ಮಾಡಬಲ್ಲ. ಆದರೆ ಒಂದು ಕೊರತೆ ಉಳಿದೇ ಹೋಯಿತು. ದೊಡ್ಡ ಲಾರಿ ಇತ್ತು, ಮೂರು ಚಕ್ರದ ಟೆಂಪೋ ಇತ್ತು, ನಡುವೆ ಹೇಳಿಕೊಳ್ಳುವಂಥದ್ದು ಮೆಟಾಡೋರ್ ಬಿಟ್ಟರೆ ಕಡಿಮೆ. ಎರಡು ಮೂರು ಟನ್ ಟೊಮೆಟೊ ಮಾರುಕಟ್ಟೆಗೆ ಒಯ್ಯಬೇಕಾದ ರೈತನಿಗೆ ಒಂದೋ ದೊಡ್ಡ ಲಾರಿಯವನ ದಾಕ್ಷಿಣ್ಯ, ಇಲ್ಲವೇ ಎತ್ತಿನ ಗಾಡಿ.

ನಾಲ್ಕು ಜಪಾನಿ ಅಚ್ಚುಗಳು

1980ರ ದಶಕದ ಆರಂಭದಲ್ಲಿ ಬಾಗಿಲು ಸ್ವಲ್ಪ ಸರಿಯಿತು. ಮಾರುತಿ–ಸುಜುಕಿ ಒಪ್ಪಂದದ ಕಾಲವೇ ಅದು. 1984ರಲ್ಲಿ ಬಂದ ಮಾರುತಿ ವ್ಯಾನ್, ಅಂದರೆ ನಾವು ಮುಂದೆ ಓಮ್ನಿ ಎಂದು ಕರೆದ ಗಾಡಿ, ಜಪಾನಿನಲ್ಲಿ ಸುಜುಕಿ ಕ್ಯಾರಿ ಎಂಬ ಪುಟಾಣಿ ಲಾರಿಯ ಒಡಹುಟ್ಟು. ಪಾಕಿಸ್ತಾನದಲ್ಲಿ ಅದೇ ವಂಶದ ಲಾರಿ ಮತ್ತು ವ್ಯಾನ್ ಎರಡೂ ಓಡಾಡಿದವು. ನಮಗೆ ಸಿಕ್ಕದ್ದು ವ್ಯಾನ್ ಮಾತ್ರ.

ಲಾರಿಗಳ ವಿಷಯದಲ್ಲಿ ಸರ್ಕಾರ ನಾಲ್ಕು ಜೋಡಿಗಳಿಗೆ ಅನುಮತಿ ಕೊಟ್ಟಿತು. ಉತ್ತರ ಪ್ರದೇಶದ ಸೂರಜ್‌ಪುರದಲ್ಲಿ ಡಿಸಿಎಂ ಟೊಯೋಟಾ. ಪಂಜಾಬಿನ ರೋಪಡ್ ಜಿಲ್ಲೆಯಲ್ಲಿ ಸ್ವರಾಜ್ ಮಜ್ದಾ. ಮಧ್ಯಪ್ರದೇಶದ ಪೀತಂಪುರದಲ್ಲಿ ಐಷರ್ ಮಿತ್ಸುಬಿಷಿ. ಆಂಧ್ರಪ್ರದೇಶದ ಜಹೀರಾಬಾದಿನಲ್ಲಿ ಆಲ್ವಿನ್ ನಿಸ್ಸಾನ್. ಹೌದು, ಸನತ್‌ನಗರದಲ್ಲಿ ಬಸ್ ಬಾಡಿ ಕಟ್ಟುತ್ತಿದ್ದ ಅದೇ ಆಲ್ವಿನ್. ನಿಸ್ಸಾನಿನ ಕ್ಯಾಬ್‌ಸ್ಟಾರ್ ಎಂಬ ಸಣ್ಣ ಲಾರಿಯನ್ನು ಇಲ್ಲಿ ತಯಾರಿಸುವ ಯೋಜನೆ ಅದರದ್ದು.

ಜಹೀರಾಬಾದ್ ಎಂದರೆ ಕನ್ನಡದ ಓದುಗರಿಗೆ ಹೊರಗಿನ ಊರಲ್ಲ. ಹೈದರಾಬಾದ್–ಮುಂಬೈ ಹೆದ್ದಾರಿಯಲ್ಲಿ, ಬೀದರಿನಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ. 1956ರ ರಾಜ್ಯ ಮರುವಿಂಗಡಣಾ ಕಾಯ್ದೆ ತೆರೆದು ನೋಡಿ: ಬೀದರ್ ಜಿಲ್ಲೆಯ ಜಹೀರಾಬಾದ್ ತಾಲೂಕು (ನಿರ್ಣಾ ವೃತ್ತ ಬಿಟ್ಟು), ನ್ಯಾಲಕಲ್ ವೃತ್ತ ಮತ್ತು ನಾರಾಯಣಖೇಡ ತಾಲೂಕು ಆಂಧ್ರಪ್ರದೇಶಕ್ಕೆ ಎಂದಿದೆ. ಅಂದರೆ ಹೈದರಾಬಾದಿನ ಸಣ್ಣ ಲಾರಿ ಕಾರ್ಖಾನೆ ಎದ್ದದ್ದು ಹಳೆಯ ಬೀದರ್ ಜಿಲ್ಲೆಯ ನೆಲದಲ್ಲಿ. ಆ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಕನ್ನಡ, ತೆಲುಗು, ಮರಾಠಿ, ದಖನಿ ಉರ್ದು ಒಂದೇ ಜಗುಲಿಯ ಮೇಲೆ ಕೂತು ಮಾತಾಡುತ್ತವೆ.

ಆದರೆ ನಾಲ್ಕೂ ಗಾಡಿಗಳ ಹಣೆಬರಹ ಬರೆದದ್ದು ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ. 1985ರ ಸೆಪ್ಟೆಂಬರ್ 22ರಂದು ಪ್ಲಾಜಾ ಹೋಟೆಲಿನಲ್ಲಿ ಐದು ಶ್ರೀಮಂತ ದೇಶಗಳ ಹಣಕಾಸು ಮಂತ್ರಿಗಳು ಡಾಲರ್ ಬೆಲೆ ಇಳಿಸಲು ಒಪ್ಪಿದರು. ಆಗ ಒಂದು ಡಾಲರಿಗೆ ಸುಮಾರು 240 ಯೆನ್. ಎರಡು ವರ್ಷ ತುಂಬುವುದರೊಳಗೆ 150ರ ಆಸುಪಾಸಿಗೆ ಬಂತು. ಯೆನ್ ದುಬಾರಿಯಾಯಿತು ಎಂದರೆ ಜಪಾನಿನಿಂದ ಪೆಟ್ಟಿಗೆಯಲ್ಲಿ ಬರುವ ಪ್ರತಿ ಬಿಡಿಭಾಗವೂ ದುಬಾರಿಯಾಯಿತು. ಇಲ್ಲೇ ಬಿಡಿಭಾಗ ಮಾಡಿಸುವಷ್ಟು ಸಮಯ ಈ ಹೊಸ ಕಂಪನಿಗಳಿಗೆ ಇನ್ನೂ ಸಿಕ್ಕಿರಲಿಲ್ಲ. ಅದೇ ಹೊತ್ತಿಗೆ, 1986ರಲ್ಲಿ, ಟಾಟಾ ತನ್ನದೇ ವಿನ್ಯಾಸದ 407 ಲಾರಿಯನ್ನು ರಸ್ತೆಗೆ ತಂದಿತು. ಅದರ ಬಿಡಿಭಾಗ ಇಲ್ಲಿಯವು, ಸಿಗದ ಊರಿಲ್ಲ. ‘ಫೋರ್ ನಾಟ್ ಸೆವೆನ್’ ಎಂದು ಬಾಯಿಪಾಠವಾದ ಆ ಗಾಡಿ ಪಂದ್ಯ ಗೆದ್ದಿತು.

ಡಿಸಿಎಂ ಟೊಯೋಟಾ 1990ರ ದಶಕದಲ್ಲಿ ಕೊರಿಯಾದ ಡೇವೂ ಪಾಲಾಯಿತು. ಐಷರ್ ಗಟ್ಟಿಯಾಗಿ ನಿಂತು, 2008ರಲ್ಲಿ ವೋಲ್ವೊ ಜೊತೆ ಸೇರಿತು. ಸ್ವರಾಜ್ ಮಜ್ದಾ ಹೆಸರು ಬದಲಿಸಿಕೊಂಡು ಬಾಳಿ, 2025ರಲ್ಲಿ ಅದರ ಬಹುಪಾಲು ಷೇರು ಮಹೀಂದ್ರದ ಕೈಸೇರಿತು. ಆಲ್ವಿನ್ ನಿಸ್ಸಾನನ್ನು ಅದಕ್ಕೂ ಬಹಳ ಮೊದಲೇ, 80ರ ದಶಕದ ಕೊನೆಯಲ್ಲಿ, ಅದೇ ಮಹೀಂದ್ರ ಕೊಂಡಿತ್ತು. ಅಮೆರಿಕದ ವಿಲ್ಲಿಸ್ ಜೀಪುಗಳನ್ನು ತರಿಸಿ ಜೋಡಿಸುತ್ತ ಬೆಳೆದ ಕಂಪನಿ ಅದು. ಜಹೀರಾಬಾದಿನ ಕಾರ್ಖಾನೆಯಿಂದ ಈಗ ಟ್ರ್ಯಾಕ್ಟರ್, ಮೂರು ಚಕ್ರದ ಗಾಡಿಗಳು ಹೊರಬರುತ್ತವೆ.

ಪದಗಳ ನ್ಯಾಯ ಬೇರೆಯೇ. ಉತ್ತರ ಪ್ರದೇಶದ ಗಾಡಿ ತೆಲುಗಿಗೆ ಡಿಸಿಎಂ ಎಂಬ ಪದ ಕೊಟ್ಟಿತು, ಮಧ್ಯಪ್ರದೇಶದ್ದು ಕನ್ನಡಕ್ಕೆ ಕ್ಯಾಂಟರ್ ಕೊಟ್ಟಿತು. ಹೈದರಾಬಾದಿನದೇ ಕಂಪನಿ, ಬೀದರಿನ ಮಗ್ಗುಲಲ್ಲೇ ಮಾಡಿದ ಗಾಡಿ ಎರಡೂ ಭಾಷೆಗಳಿಗೆ ಒಂದು ಪದವನ್ನೂ ಬಿಟ್ಟುಹೋಗಲಿಲ್ಲ.

ಬೀಗ ತೆಗೆದ ಬಾಗಿಲು

ಇನ್ನು ಹಳೆಯ ಗಾಡಿಗಳ ವಿಷಯಕ್ಕೆ ಬರೋಣ. ಜಪಾನಿನಲ್ಲಿ ‘ಕೇ’ ಎಂಬ ಗಾಡಿಗಳ ವರ್ಗವಿದೆ. ಕೇ ಎಂದರೆ ಹಗುರ. 1990ರಿಂದ ಅದರ ಎಂಜಿನ್ 660 ಸಿಸಿ ಮೀರುವಂತಿಲ್ಲ, ಈಗಿನ ನಿಯಮದಂತೆ ಉದ್ದ 3.4 ಮೀಟರ್ ದಾಟುವಂತಿಲ್ಲ. ಈ ವರ್ಗದ ಪುಟಾಣಿ ಲಾರಿ 350 ಕಿಲೋ ಹೊರುತ್ತದೆ. ಭತ್ತದ ಗದ್ದೆಯ ಬದುವಿನ ಮೇಲೂ, ಹಳೆಯ ಪೇಟೆಯ ಓಣಿಯಲ್ಲೂ ಹೋಗಬಲ್ಲದು. ಅಲ್ಲಿ ಗಾಡಿ ಹಳೆಯದಾದಂತೆ ಕಡ್ಡಾಯ ತಪಾಸಣೆಯ ಖರ್ಚು ಏರುವುದರಿಂದ, ಇನ್ನೂ ಚೆನ್ನಾಗಿ ಓಡುವ ಗಾಡಿಯನ್ನೂ ಮಾಲೀಕರು ಬಿಟ್ಟುಬಿಡುತ್ತಾರೆ. ಹರಾಜಿನಲ್ಲಿ ಕೊಂಡು ಪರದೇಶಕ್ಕೆ ಮಾರುವುದು ಅಲ್ಲಿ ದೊಡ್ಡ ವ್ಯಾಪಾರ. ಅಮೆರಿಕದ ರೈತರು ಕೂಡ 25 ವರ್ಷ ದಾಟಿದ ಈ ಲಾರಿಗಳನ್ನು ತರಿಸಿಕೊಳ್ಳುತ್ತಾರೆ. ಅಲ್ಲಿನ ಕಾನೂನಿನಲ್ಲಿ ಅಷ್ಟು ಹಳೆಯ ಗಾಡಿಗೆ ರಿಯಾಯಿತಿ ಇದೆ.

ಭಾರತ ಬಳಸಿದ ವಾಹನಗಳ ಆಮದಿಗೆ ಅವಕಾಶ ಕೊಟ್ಟದ್ದು 2001ರ ಏಪ್ರಿಲ್ 1ರಂದು. ಮನಸ್ಸಿನಿಂದ ಕೊಟ್ಟದ್ದಲ್ಲ. ಆಮದಿನ ಪ್ರಮಾಣ ನಿರ್ಬಂಧಗಳ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅಮೆರಿಕ ಹೂಡಿದ ದಾವೆಯಲ್ಲಿ ಭಾರತ ಸೋತಿತ್ತು. ಉಳಿದಿದ್ದ 715 ವಸ್ತುಗಳ ಮೇಲಿನ ನಿರ್ಬಂಧವನ್ನು ಆ ದಿನ ತೆಗೆಯಬೇಕಾಯಿತು. ಬೀಗ ತೆಗೆದ ಸರ್ಕಾರ ಬಾಗಿಲಿಗೆ ಹಗ್ಗ ಕಟ್ಟಿತು. ಗಾಡಿ 3 ವರ್ಷಕ್ಕಿಂತ ಹಳೆಯದಿರಬಾರದು. ಸ್ಟಿಯರಿಂಗ್ ಬಲಕ್ಕಿರಬೇಕು. ಇನ್ನೂ 5 ವರ್ಷ ಓಡಬಲ್ಲದು ಎಂಬ ಖಾತರಿ ಬೇಕು. ಹೊರದೇಶದಲ್ಲೂ ಇಲ್ಲೂ ಪರೀಕ್ಷೆಯ ಪ್ರಮಾಣಪತ್ರ ಬೇಕು. ಬರುವುದು ಮುಂಬೈ ಬಂದರಿನ ಮೂಲಕ ಮಾತ್ರ. ಆ ವರ್ಷದ ಬಜೆಟ್ಟಿನಲ್ಲಿ ಬಳಸಿದ ಕಾರುಗಳ ಮೇಲಿನ ಮೂಲ ಸುಂಕವನ್ನು ಶೇ. 105ಕ್ಕೆ ಏರಿಸಿದರು, ಉಳಿದ ತೆರಿಗೆ ಬೇರೆ.

ಈ ಷರತ್ತುಗಳಲ್ಲಿ ಮೊದಲನೆಯದೇ ಸಾಕು. ಬಳಸಿದ ಜಪಾನಿ ಲಾರಿ ಅಗ್ಗವಾಗುವುದು ಅದಕ್ಕೆ ಎಂಟು ಹತ್ತು ವರ್ಷವಾದ ಮೇಲೆ. 3 ವರ್ಷದ ಗಾಡಿ ಅಲ್ಲೇ ದುಬಾರಿ. ಅಗ್ಗದ್ದು ಬರುವಂತಿಲ್ಲ, ಬರಬಹುದಾದದ್ದು ಅಗ್ಗವಲ್ಲ. ಬಂದರೂ ಮುಂಬೈಯಲ್ಲೇ ಇಳಿಯಬೇಕು. ಸಮುದ್ರವಿಲ್ಲದ ನಿಜಾಮರ ಸಂಸ್ಥಾನಕ್ಕೆ ಇದ್ದ ದಾರಿಯೇ ಮಂಗಳೂರು, ಚೆನ್ನೈ, ವಿಶಾಖಪಟ್ಟಣಗಳಿರುವ ದಕ್ಷಿಣಕ್ಕೂ ಕಾಯಂ ಆಯಿತು. ಸಣ್ಣ ಲಾರಿಯಂತೂ ಆ ದಾರಿಯಲ್ಲಿ ಲೆಕ್ಕಕ್ಕೆ ಸಿಗುವಷ್ಟು ಬರಲಿಲ್ಲ.

ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ ‘ರಿಕಂಡಿಷನ್ಡ್’ ಎಂಬುದೇ ಬಳಸಿದ ಜಪಾನಿ ಗಾಡಿಗೆ ದಿನಬಳಕೆಯ ಪದ. ನಮ್ಮ ‘ಸೆಕೆಂಡ್ ಹ್ಯಾಂಡ್’ ಎಂಬ ಪದದಲ್ಲಿ ಹಡಗಿನ ವಾಸನೆಯೇ ಇಲ್ಲ. ನಮ್ಮಲ್ಲಿ ಹಳೆಯ ಗಾಡಿ ಬರುವುದು ರಾಜ್ಯದಿಂದ ರಾಜ್ಯಕ್ಕೆ. ಬೆಂಗಳೂರಿನಲ್ಲಿ ನಾಲ್ಕೈದು ವರ್ಷ ದುಡಿದ ಲಾರಿ ಆರ್‌ಟಿಓ ಕಚೇರಿಯಿಂದ ಎನ್‌ಓಸಿ ಪಡೆದು, ಫಾರ್ಮ್ 28 ಹಿಡಿದು ತೆಲಂಗಾಣಕ್ಕೆ ಬಂದು, ಮತ್ತೆ ತೆರಿಗೆ ಕಟ್ಟಿ ಹೊಸ ನಂಬರ್ ಪಡೆಯುತ್ತದೆ. ಕರೋಡಗಿರಿ ಹೋಗಿ ಮುಕ್ಕಾಲು ಶತಮಾನವಾದರೂ ಗಡಿ ದಾಟುವ ಗಾಡಿಗೆ ಕಾಗದದ ಕಾಟ ಹೋಗಲಿಲ್ಲ.

ಪುಟ್ಟ ಆನೆ

2005ರ ಮೇ ತಿಂಗಳಲ್ಲಿ ಟಾಟಾ ಏಸ್ ಬಂತು. ಎರಡು ಸಿಲಿಂಡರಿನ, 700 ಸಿಸಿ ಆಸುಪಾಸಿನ ಡೀಸೆಲ್ ಎಂಜಿನ್, ಮುಕ್ಕಾಲು ಟನ್ ಹೊರುವ ಶಕ್ತಿ, ಸುಮಾರು 2.25 ಲಕ್ಷ ರೂಪಾಯಿ ಬೆಲೆ. ಗಿರೀಶ್ ವಾಘ್ ನೇತೃತ್ವದ ಎಂಜಿನಿಯರುಗಳ ತಂಡ ಮಾಡಿದ ಗಾಡಿ. ವಿನ್ಯಾಸಕ್ಕೆ ಮುಂಚೆ ಅವರು ಮೂರು ಚಕ್ರದ ಗಾಡಿಯವರನ್ನು ಮಾತಾಡಿಸಿದಾಗ, ನಾಲ್ಕು ಚಕ್ರದ ಗಾಡಿ ಇದ್ದರೆ ಹೆಣ್ಣು ಸಿಗುವುದು ಸುಲಭ ಎಂದು ಒಬ್ಬ ಹೇಳಿದನಂತೆ. ಕಂಪನಿಯವರೇ ಹೇಳುತ್ತ ಬಂದ ಕಥೆ ಇದು. ಕಥೆಯ ಸತ್ಯ ಏನೇ ಇರಲಿ, ಒಳಗಿನ ಮಾತು ನಿಜ. ಸಣ್ಣ ಲಾರಿ ಬರೀ ಸಾಮಾನು ಹೊರುವುದಿಲ್ಲ, ಮಾಲೀಕನ ಮರ್ಯಾದೆಯನ್ನೂ ಹೊರುತ್ತದೆ.

ಹಿಂದಿ ಸೀಮೆಯಲ್ಲೂ ಹೈದರಾಬಾದಿನಲ್ಲೂ ಇದಕ್ಕೆ ಛೋಟಾ ಹಾಥಿ ಎಂಬ ಹೆಸರು ಬಿತ್ತು. ನಮ್ಮಲ್ಲಿ ಸುಮ್ಮನೆ ಟಾಟಾ ಏಸ್. ಮುಂದೆ ಧಾರವಾಡದ ಹೊರವಲಯದ ಕಾರ್ಖಾನೆಯಲ್ಲಿ ಏಸ್ ಮನೆತನದ ಇನ್ನೂ ಚಿಕ್ಕ ಗಾಡಿಗಳನ್ನು ತಯಾರಿಸಿದರು. ಬಳಸಿದ ಜಪಾನಿ ಗಾಡಿಗಳ ಊರಾದ ಶ್ರೀಲಂಕಾಕ್ಕೂ ಏಸ್ ಹೋಯಿತು. ಅಲ್ಲಿ ಮಾರುವ ಕಂಪನಿಯ ಹೆಸರು ಸೇರಿ ‘ಡಿಮೊ ಬಟ್ಟಾ’ ಎಂದಾಯಿತು. ಪರದೇಶದ ಹೆಸರುಗಳನ್ನು ಆಮದು ಮಾಡಿಕೊಂಡೇ ಬಂದ ದೇಶದ ಸಣ್ಣ ಲಾರಿಗೆ ಪರದೇಶದಲ್ಲಿ ಅಡ್ಡಹೆಸರು ಸಿಕ್ಕಿತು.

ಹಾಗಾದರೆ ಬಾಗಿಲು ಹಾಕಿದ್ದೇ ಸರಿಯಾಯಿತು ಎನ್ನಬಹುದೇ? ಹಲವರು ಹಾಗೇ ವಾದಿಸುತ್ತಾರೆ. ಹಳೆಯ ಗಾಡಿ ಬಿಟ್ಟುಕೊಂಡಿದ್ದರೆ ಏಸ್ ಹುಟ್ಟುತ್ತಿರಲಿಲ್ಲ, ದೇಶ ಜಪಾನಿನ ಗುಜರಿ ಅಂಗಡಿಯಾಗುತ್ತಿತ್ತು ಎಂದು. ಅದರಲ್ಲಿ ತಿರುಳಿದೆ. ಹಳೆಯ ಗಾಡಿ ತರುವ ದೇಶಕ್ಕೆ ಗಾಡಿ ಸಿಗುತ್ತದೆ, ಗಾಡಿ ಮಾಡುವ ವಿದ್ಯೆ ಸಿಗುವುದಿಲ್ಲ. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ಬರೆಯಬೇಕು. 1953ರಿಂದ 2005ಕ್ಕೆ 52 ವರ್ಷ. ಬಾಗಿಲು ಗಟ್ಟಿಯಾಗಿ ಮುಚ್ಚಿದ್ದ ಮೊದಲ ಮೂವತ್ತು ವರ್ಷಗಳಲ್ಲಿ ಯಾರೂ ಏಸ್ ಮಾಡಲಿಲ್ಲ, 407 ಕೂಡ ಮಾಡಲಿಲ್ಲ. ನಾಲ್ಕು ಜಪಾನಿ ಗಾಡಿಗಳು ಬಂದ ಬೆನ್ನಿಗೇ 407 ಬಂತು. ಬೀಗ ತೆಗೆದ ನಾಲ್ಕು ವರ್ಷಕ್ಕೆ ಏಸ್ ಬಂತು. ಆಲ್ವಿನ್ ನಿಸ್ಸಾನ್ ಸೋತಿತು ಎನ್ನುತ್ತೇವೆ. ಆದರೆ ಅದೂ ಅದರ ಮೂವರು ಒಡಹುಟ್ಟಿದವರೂ ಅಂಗಳಕ್ಕೆ ಇಳಿಯದಿದ್ದರೆ ಗೆದ್ದವನು ಓಡುವ ಆತುರ ತೋರಿಸುತ್ತಿದ್ದನೇ?

ಹಾಗಾಗಿ ನನಗೆ ಅನ್ನಿಸುವುದಿಷ್ಟು. ಹಳೆಯ ಗಾಡಿ ಬರಲಿಲ್ಲ ಎಂಬುದು ದೊಡ್ಡ ನಷ್ಟವಲ್ಲ. ಅದು ಬರದಂತೆ ಕಾದ ದಶಕಗಳಲ್ಲಿ ಅದರ ಜಾಗಕ್ಕೆ ಒಳ್ಳೆಯ ಹೊಸದನ್ನು ಕೊಡಬೇಕು ಎಂಬ ಒತ್ತಡ ಯಾರ ಮೇಲೂ ಇರಲಿಲ್ಲ, ನಷ್ಟ ಅಲ್ಲಿದೆ. ರಕ್ಷಣೆ ಸಿಕ್ಕಿದ್ದು ಕಾರ್ಖಾನೆಗೆ. ಬೆಲೆ ತೆತ್ತದ್ದು ತಲೆಹೊರೆಯವನು, ತಳ್ಳುಗಾಡಿಯವನು, ಟೊಮೆಟೊ ಬೆಳೆದು ದೊಡ್ಡ ಲಾರಿಯ ದಾರಿ ಕಾದವನು. ಕಾರ್ಖಾನೆಗಳ ಇತಿಹಾಸ ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಉಳಿಯುತ್ತದೆ, ನೀತಿಯ ಇತಿಹಾಸ ಆಯೋಗಗಳ ವರದಿಗಳಲ್ಲಿ. ಕಾದವರದು ಎಲ್ಲೂ ದಾಖಲಾಗಿಲ್ಲ.

ಈಗ ಸಣ್ಣ ಲಾರಿ ಬ್ಯಾಟರಿಗೆ ತಿರುಗುತ್ತಿದೆ, ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಬರುತ್ತಿದೆ. ಸೆಲ್ಲು ಹೊರಗಿನಿಂದ ತರಬೇಕೋ ಇಲ್ಲೇ ಮಾಡಬೇಕೋ, ಎಷ್ಟು ಸುಂಕ, ಯಾರಿಗೆ ರಕ್ಷಣೆ, ಎಷ್ಟು ವರ್ಷ. ಆ ಚರ್ಚೆಗೆ ಹಿಂದಿನ 52 ವರ್ಷ ಒಂದು ಸರಳ ಪಾಠ ಕೊಡುತ್ತವೆ: ಬಾಗಿಲು ಹಾಕುವ ದಿನವೇ ಅದನ್ನು ತೆರೆಯುವ ದಿನವನ್ನೂ ಗೋಡೆಯ ಮೇಲೆ ಬರೆದಿಡಬೇಕು.